ನೆಟ್ ಬಂದ್‌ಗೆ ಬ್ಯಾರಿಕೇಡ್ ಇರೋದಿಲ್ಲ

ಶಿವಮೊಗ್ಗದ ರಾಗಿಗುಡ್ಡದಲ್ಲಿ ನನ್ನ ಗೆಳೆಯನೊಬ್ಬ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಭದ್ರಾವತಿಯಲ್ಲಿ ಒಟ್ಟಿಗೆ ಪಿಯುಸಿ ಓದಿದವರು ನಾವು. ನಾನು ಎಂಜಿನಿಯರಿಂಗ್ ಮುಗಿಸಿ ಕೊನೆಗೆ ಬರವಣಿಗೆಗೆ ಬಂದೆ. ಅವನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಫೋನ್ ಬಿಚ್ಚೋದು ಕಲಿತ. ಕಳೆದ ಸಲ ಊರಿಗೆ ಹೋದಾಗ ಅವನ ಅಂಗಡಿಯಲ್ಲಿ ಕೂತು ಟೀ ಕುಡೀತಿದ್ದೆ. ಮಾತು 2023ರ ಅಕ್ಟೋಬರ್ 1ಕ್ಕೆ ಹೋಯಿತು. ಆ ಭಾನುವಾರ ಈದ್ ಮಿಲಾದ್ ಮೆರವಣಿಗೆ ಹೊತ್ತಲ್ಲಿ ರಾಗಿಗುಡ್ಡದಲ್ಲಿ ಕಲ್ಲು ತೂರಾಟ ಆಯಿತು, ಲಾಠಿ ಬೀಸಿದರು, ಸೆಕ್ಷನ್ 144 ಬಂತು. ಆ ವಾರ ಟಿವಿಯಲ್ಲಿ ಇಡೀ ಕರ್ನಾಟಕ ರಾಗಿಗುಡ್ಡದ ಹೆಸರು ಕೇಳಿತು.

ಅವನು ಹೇಳಿದ್ದು ಇಷ್ಟು: "ಗಲಾಟೆ ಅಂತ ಗೊತ್ತಾದ ತಕ್ಷಣ ಮೊದ್ಲು ನೆಟ್ ಕಟ್ ಮಾಡ್ಬೇಕು ಮಾರಾಯ. ಆಮೇಲೆ ಪೊಲೀಸು, ಆಮೇಲೆ ಶಾಂತಿಸಭೆ. ಆ ರಾತ್ರಿ ನನ್ ಫೋನಿಗೆ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ಯಾವ್ದು ನಿಜ, ಯಾವ್ದು ಸುಳ್ಳು ಅಂತ ಇವತ್ತಿಗೂ ಗೊತ್ತಿಲ್ಲ."

ಇದನ್ನು ಬೆಂಗಳೂರಿನ ಯಾವನೋ ಟ್ವಿಟರ್ ವೀರ ಹೇಳಿದ್ದರೆ ಜಗಳ ಆಡಿ ಎದ್ದು ಬರಬಹುದಿತ್ತು. ಆದರೆ ಇವನು ಅಲ್ಲೇ ಬದುಕುವವನು, ಆ ರಾತ್ರಿ ಶಟರ್ ಎಳೆದುಕೊಂಡು ಒಳಗೆ ಕೂತಿದ್ದವನು. ಅವನ ಭಯಕ್ಕೆ ಉತ್ತರ ಕೊಡದೆ "ಇಂಟರ್ನೆಟ್ ಸ್ಥಗಿತ ಮಾನವ ಹಕ್ಕುಗಳ ಉಲ್ಲಂಘನೆ" ಅಂತ ಬರೆದರೆ ನಾವು ನಾವೇ ಓದಿಕೊಂಡು ಖುಷಿಪಡಬಹುದು, ಅಷ್ಟೇ. ಹಾಗಾಗಿ ಅವನಿಗೇ ಹೇಳಿದ ಹಾಗೆ ಇದನ್ನು ಬರೀತಿದ್ದೇನೆ.

ಮೊದಲು ಅವನ ಪರವಾಗಿ ಹೇಳಬೇಕಾದ್ದು. ವದಂತಿ ಕೊಲ್ಲುತ್ತದೆ, ನಿಜ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನನ್ನು ಮಕ್ಕಳ ಕಳ್ಳ ಅಂತ ತಿಳಿದು ಜನ ಹೊಡೆದು ಕೊಂದರು. ಅವನೂ ಅವನ ಜೊತೆಗಾರರೂ ಇದ್ದ ಕಾರು ಊರು ಮುಟ್ಟುವ ಮೊದಲೇ ವಾಟ್ಸಾಪ್ ಸಂದೇಶ ಮುಟ್ಟಿತ್ತು, ಜನ ರಸ್ತೆಗೆ ಅಡ್ಡ ನಿಂತಿದ್ದರು. ಅಂದರೆ ಅಪಾಯ ಕಲ್ಪನೆಯದ್ದಲ್ಲ.

ಆದರೆ ಇದೇ ಘಟನೆಯಲ್ಲಿ ಇನ್ನೊಂದು ವಿಷಯವೂ ಇದೆ. ಆ ಸಂದೇಶಕ್ಕೆ ಊರಿಂದ ಊರಿಗೆ ಹೋಗಲು ಬೇಕಾದದ್ದು ಕೆಲವೇ ನಿಮಿಷ. ನೆಟ್ ಬಂದ್ ಮಾಡುವ ಆದೇಶಕ್ಕೆ ಗಂಟೆಗಟ್ಟಲೆ ಬೇಕು. ಮಂಗಳೂರಿನ ಉದಾಹರಣೆ ನೋಡಿ. 2019ರ ಡಿಸೆಂಬರ್ 19ರಂದು ಸಿಎಎ ವಿರೋಧಿ ಪ್ರತಿಭಟನೆ ವೇಳೆ ಪೊಲೀಸ್ ಗೋಲಿಬಾರ್‌ನಲ್ಲಿ ಇಬ್ಬರು ಸತ್ತರು. ಮೊಬೈಲ್ ಇಂಟರ್ನೆಟ್ ಬಂದ್ ಆಗಿದ್ದು ಆ ರಾತ್ರಿ 10 ಗಂಟೆಯಿಂದ, 48 ಗಂಟೆ ಕಾಲ. ಅಷ್ಟೊತ್ತಿಗೆ ಆಗಬೇಕಾದ ಅನಾಹುತ ಆಗಿಹೋಗಿತ್ತು, ವಿಡಿಯೋಗಳು ಹರಿದಾಡಿಯಾಗಿತ್ತು. ಬಂದ್ ಆದದ್ದು ಅದರ ಮುಂದಿನ ಎರಡು ದಿನ. ಸತ್ತವರು ಯಾರು, ಗುಂಡು ಹಾರಿಸಿದ್ದು ಯಾಕೆ, ಆಸ್ಪತ್ರೆಯಲ್ಲಿ ಏನಾಗ್ತಿದೆ ಅಂತ ಊರು ಕೇಳಬೇಕಾದ ದಿನಗಳು ಅವು. ಡಿಸೆಂಬರ್ 20ರ ಬೆಳಿಗ್ಗೆ ವೆನ್ಲಾಕ್ ಆಸ್ಪತ್ರೆ ಹತ್ತಿರ ವರದಿ ಮಾಡ್ತಿದ್ದ ಕೇರಳದ ಪತ್ರಕರ್ತರನ್ನು ಪೊಲೀಸರು ಗಂಟೆಗಟ್ಟಲೆ ಕೂರಿಸಿಕೊಂಡು, ಕೊನೆಗೆ ತಲಪಾಡಿ ಗಡಿಗೆ ಬಿಟ್ಟು ಬಂದರು. ಒಂದು ಕಡೆ ಜನರ ಫೋನು ಸುಮ್ಮನಾಗಿದೆ, ಇನ್ನೊಂದು ಕಡೆ ಕ್ಯಾಮೆರಾ ಹಿಡಿದವರು ಪೊಲೀಸರ ವಶದಲ್ಲಿದ್ದಾರೆ. ಆಗ ಊರಿಗೆ ಕೇಳಿಸುವುದು ಒಂದೇ ದನಿ. ಎಚ್.ಡಿ. ಕುಮಾರಸ್ವಾಮಿ ಆ ದಿನದ 35 ವಿಡಿಯೋ ತುಣುಕುಗಳನ್ನು ಬಿಡುಗಡೆ ಮಾಡಿ ಪೊಲೀಸರ ಕಥೆಯನ್ನು ಪ್ರಶ್ನೆ ಮಾಡುವಷ್ಟರಲ್ಲಿ 2020ರ ಜನವರಿ ಬಂದಿತ್ತು.

ಮಣಿಪುರದಲ್ಲಿ ಇದರ ಅತಿ ಕ್ರೂರ ರೂಪ ನೋಡಿದ್ದೇವೆ. 2023ರ ಮೇ 3ಕ್ಕೆ ಹಿಂಸೆ ಶುರುವಾಯಿತು, ನೆಟ್ ಬಂದ್ ಆಯಿತು. ಮೇ 4ರಂದು ಇಬ್ಬರು ಹೆಣ್ಣುಮಕ್ಕಳನ್ನು ಬೆತ್ತಲೆ ಮಾಡಿ ಗುಂಪು ಮೆರವಣಿಗೆ ಮಾಡಿತು. ದೇಶ ಅದನ್ನು ನೋಡಿದ್ದು ಜುಲೈ 19ಕ್ಕೆ. ನಡುವೆ ಎರಡೂವರೆ ತಿಂಗಳು. ನೆಟ್ ಬಂದ್ ಆಗಿತ್ತಲ್ಲ, ಆ ಗುಂಪನ್ನು ಅದು ತಡೆಯಿತೇ? ಇಲ್ಲ. ಆ ಹೆಣ್ಣುಮಕ್ಕಳ ಕೂಗು ಹೊರಗೆ ಬರದಂತೆ ಮಾತ್ರ ತಡೆಯಿತು.

ಈಗ ನನ್ನ ಪಾಲಿನ ಒಂದು ತಪ್ಪೊಪ್ಪಿಗೆ. ಪತ್ರಕರ್ತನಾಗುವ ಮೊದಲು ಕೆಲವು ವರ್ಷ ಒಂದು ಟೆಲಿಕಾಂ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಗುತ್ತಿಗೆ ಕೆಲಸ ಮಾಡಿದ್ದೆ, ಹೆಚ್ಚಾಗಿ ನೈಟ್ ಶಿಫ್ಟ್. ಒಂದು ರಾತ್ರಿ ಬೇರೆ ರಾಜ್ಯದ ಒಂದು ಜಿಲ್ಲೆಯ ಸೆಲ್‌ಗಳ ಪಟ್ಟಿ ಇಮೇಲ್‌ನಲ್ಲಿ ಬಂತು. ಸೀನಿಯರ್ ಸ್ಕ್ರಿಪ್ಟ್ ಓಡಿಸಿದರು, ನಾನು ಪಕ್ಕದಲ್ಲಿ ಕೂತು ಪಟ್ಟಿ ತಾಳೆ ನೋಡಿದೆ. ಪರದೆ ಮೇಲೆ ಬೆಟ್ಟದಂತಿದ್ದ ಡೇಟಾ ಗ್ರಾಫ್ ಹತ್ತು ನಿಮಿಷದಲ್ಲಿ ನೆಲಕ್ಕೆ ಅಂಟಿಕೊಂಡಿತು. ಆಮೇಲೆ ಕ್ಯಾಂಟೀನಿಗೆ ಹೋಗಿ ಮೊಟ್ಟೆ ಬನ್ ತಿಂದೆವು. ಆದೇಶದ ಪ್ರತಿ ಎಲ್ಲಿ, ಯಾಕೆ, ಎಷ್ಟು ದಿನ ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತಲೂ ಅನ್ನಿಸಲಿಲ್ಲ. ಲಕ್ಷಾಂತರ ಜನರ ಬಾಯಿ ಕಟ್ಟುವ ಕೆಲಸ ಅಷ್ಟು ಸಲೀಸಾಗಿ ನಡೆಯುತ್ತೆ.

ತಾಂತ್ರಿಕವಾಗಿ ಆಗೋದು ಏನು ಅಂತ ಹೇಳ್ತೀನಿ, ಯಾಕಂದ್ರೆ ಇದು ಹಕ್ಕಿನ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ಟವರ್ ಆಫ್ ಮಾಡುವುದಿಲ್ಲ. ಟವರ್ ಆಫ್ ಮಾಡಿದರೆ ಪೊಲೀಸರ ಫೋನೂ ಹೋಗುತ್ತೆ, ಆಂಬ್ಯುಲೆನ್ಸಿಗೂ ಕರೆ ಹೋಗಲ್ಲ. ನಿಮ್ಮ 4ಜಿ ಫೋನು ನೆಟ್‌ವರ್ಕ್ ಜೊತೆ ಎರಡು ಬೇರೆ ಬೇರೆ ಪೈಪು ಹಾಕಿಕೊಂಡಿರುತ್ತೆ ಅಂದ್ಕೊಳ್ಳಿ: ಒಂದು ಕರೆಗೆ, ಇನ್ನೊಂದು ಇಂಟರ್ನೆಟ್ಟಿಗೆ. ಸಾಮಾನ್ಯವಾಗಿ ಕಟ್ ಮಾಡೋದು ಎರಡನೆಯದನ್ನು. ಹಾಗಾಗಿ ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತೆ, ಕರೆ ಹೋಗುತ್ತೆ, ಆದ್ರೆ ಯಾವ ಪೇಜೂ ತೆರೆಯಲ್ಲ. ರೀಚಾರ್ಜ್ ಮುಗೀತಾ? ಫೋನ್ ಕೆಟ್ಟಿದೆಯಾ? ನನಗೆ ಮಾತ್ರ ಹೀಗಾ? ನನ್ನ ಗೆಳೆಯನಂಥವರ ಅಂಗಡಿಗೆ ಜನ ಬರೋದು ಆವಾಗಲೇ.

ಇನ್ನೊಂದು ವಿಷಯ. ಟವರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಗುಡ್ಡದ ಮೇಲಿನ ಒಂದು ಟವರ್ ಯಾವ ಬೀದಿಗೆ ಬೆಳಕು ಚೆಲ್ಲುತ್ತೆ, ಯಾವ ಬೀದಿಗೆ ಇಲ್ಲ ಅಂತ ಗೆರೆ ಎಳೆಯೋದು ಸುಲಭ ಅಲ್ಲ. ಅದಕ್ಕೇ ಆದೇಶಗಳು ಸಾಮಾನ್ಯವಾಗಿ ಬೀದಿಯ ಲೆಕ್ಕದಲ್ಲಿ ಬರೋದಿಲ್ಲ, ಜಿಲ್ಲೆಯ ಲೆಕ್ಕದಲ್ಲಿ ಬರ್ತವೆ. ಎರಡು ಬೀದಿಯ ಜಗಳಕ್ಕೆ ಆಗುಂಬೆಯ ಹೋಂ ಸ್ಟೇಯವರ ಬುಕಿಂಗ್ ನಿಲ್ಲುತ್ತೆ, ಸಾಗರದಲ್ಲಿ ಅಡಿಕೆ ಧಾರಣೆ ನೋಡುವವನ ಫೋನ್ ಖಾಲಿ.

ಸೆಕ್ಷನ್ 144ರ ಜೊತೆ ಹೋಲಿಸಿ ನೋಡಿ. ಶಿವಮೊಗ್ಗದವರಿಗೆ ಅದು ಹೊಸದೇನಲ್ಲ. 2022ರ ಫೆಬ್ರವರಿಯಲ್ಲಿ ಬಂತು. ಅದೇ ವರ್ಷದ ಸ್ವಾತಂತ್ರ್ಯ ದಿನದಂದು ಅಮೀರ್ ಅಹ್ಮದ್ ಸರ್ಕಲ್‌ನ ಫ್ಲೆಕ್ಸ್ ಗಲಾಟೆ ಆದಾಗ ಶಿವಮೊಗ್ಗದ ಜೊತೆ ಭದ್ರಾವತಿಗೂ ಬಂತು, ಶಾಲೆ ಕಾಲೇಜಿಗೆ ರಜೆ ಕೊಟ್ಟರು. ನನಗೆ ನಿಷೇಧಾಜ್ಞೆ ಮೇಲೆ ಪ್ರೀತಿ ಏನಿಲ್ಲ. (ಈಗ ಅದರ ನಂಬರ್ ಬದಲಾಗಿದೆ. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163 ಅಂತ. ಊರಲ್ಲಿ ಇನ್ನೂ ನೂರಾ ನಲವತ್ನಾಲ್ಕೇ.) ಆದರೂ ಅದು ಕಣ್ಣಿಗೆ ಕಾಣುತ್ತೆ. ಬ್ಯಾರಿಕೇಡ್ ಇರುತ್ತೆ, ಜೀಪಿನಲ್ಲಿ ಮೈಕ್ ಹಿಡಿದು ಕೂಗ್ತಾರೆ, ಎಷ್ಟು ಗಂಟೆವರೆಗೆ ಅಂತ ಹೇಳ್ತಾರೆ. ಅಮ್ಮನ ಬಿಪಿ ಮಾತ್ರೆ ಚೀಟಿ ತೋರಿಸಿ ಪೊಲೀಸಪ್ಪನ ಹತ್ತಿರ ಗೋಗರೆದರೆ ಮೆಡಿಕಲ್ ಶಾಪಿನವರೆಗೆ ಬಿಡ್ತಾರೆ. ನೆಟ್ ಬಂದ್ ಆದಾಗ ಯಾರ ಹತ್ತಿರ ಹೋಗಿ ಗೋಗರೀತೀರಿ?

ಇದು ಬರೀ ಭಾವನೆಯ ಮಾತಲ್ಲ, ಕೋರ್ಟಿನಲ್ಲೂ ಇದರಿಂದ ವ್ಯತ್ಯಾಸ ಆಗುತ್ತೆ. ಮಂಗಳೂರಿನಲ್ಲಿ ಗೋಲಿಬಾರ್ ಆದ ಅದೇ ಡಿಸೆಂಬರ್ 19ರಂದು ಬೆಂಗಳೂರಿನಲ್ಲಿ ಸೆಕ್ಷನ್ 144 ಇತ್ತು. ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದ ದೃಶ್ಯ ನಿಮಗೆ ನೆನಪಿರಬಹುದು. ಆ ನಿಷೇಧಾಜ್ಞೆ ಕಾಗದದ ಮೇಲಿತ್ತು. ಅದನ್ನು ಹಿಡಿದುಕೊಂಡು ಸೌಮ್ಯಾ ರೆಡ್ಡಿ, ರಾಜೀವ್ ಗೌಡ ಮೊದಲಾದವರು ಹೈಕೋರ್ಟಿಗೆ ಹೋದರು. 2020ರ ಫೆಬ್ರವರಿ 13ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಆ ಆದೇಶ ಕಾನೂನುಬಾಹಿರ ಅಂತ ಹೇಳಿತು. ಪೊಲೀಸ್ ಕಮಿಷನರ್ ಡಿಸಿಪಿಗಳ ಪತ್ರಗಳನ್ನು ಆದೇಶದಲ್ಲಿ ಹಾಗೇ ಇಳಿಸಿದ್ದರು, ತಾವಾಗಿ ವಿಚಾರ ಮಾಡಿ ಕಾರಣ ಬರೆದಿರಲಿಲ್ಲ. ಪತ್ರ ಓದಲು ಸಿಕ್ಕಿದ್ದರಿಂದ ತಾನೇ ಇದು ಗೊತ್ತಾಗಿದ್ದು?

ಹೈಕೋರ್ಟ್ ಆ ತೀರ್ಪಿಗೆ ಒರೆಗಲ್ಲಾಗಿ ಹಿಡಿದ ತೀರ್ಪುಗಳಲ್ಲಿ ಒಂದು, ಅದಕ್ಕೆ ಒಂದು ತಿಂಗಳ ಮುಂಚೆ, 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಕೊಟ್ಟ ಅನುರಾಧಾ ಭಸೀನ್ ತೀರ್ಪು. ಕಾಶ್ಮೀರದ ನೆಟ್ ಬಂದ್ ಕುರಿತದ್ದು. "ಇಂಟರ್ನೆಟ್ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ" ಅಂತ ನಮ್ಮ ಕಡೆಯವರೇ ಫಾರ್ವರ್ಡ್ ಮಾಡ್ತಿರ್ತಾರೆ. ಕೋರ್ಟ್ ಹಾಗೆ ಹೇಳಿಲ್ಲ. ಇಂಟರ್ನೆಟ್ ಮೂಲಕ ಮಾತಾಡುವುದಕ್ಕೆ, ವ್ಯಾಪಾರ ಮಾಡುವುದಕ್ಕೆ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ ಅಂದಿದೆ. ಹಾಗಾಗಿ ಸರ್ಕಾರ ಅದನ್ನು ತಡೆಯಬೇಕಾದರೆ ಆದೇಶ ಪ್ರಕಟಿಸಬೇಕು, ಕಾರಣ ಬರೆಯಬೇಕು, ಅದಕ್ಕಿಂತ ಕಡಿಮೆ ನೋವಿನ ದಾರಿ ಇದೆಯಾ ಅಂತ ಮೊದಲು ನೋಡಬೇಕು, ಅನಿರ್ದಿಷ್ಟ ಕಾಲ ಮುಂದುವರಿಸುವಂತಿಲ್ಲ. ಇಷ್ಟು ಹೇಳಿದ ಕೋರ್ಟ್ ಕಾಶ್ಮೀರಕ್ಕೆ ನೆಟ್ ವಾಪಸ್ ಕೊಡಿಸಲಿಲ್ಲ ಅನ್ನೋದನ್ನೂ ಹೇಳಬೇಕು. ಅಲ್ಲಿ 4ಜಿ ಪೂರ್ತಿ ಮರಳಿದ್ದು 2021ರ ಫೆಬ್ರವರಿಯಲ್ಲಿ, ಒಂದೂವರೆ ವರ್ಷದ ಮೇಲೆ.

ಹಾಗಾದರೆ ಆದೇಶ ಕೊಡೋದು ಯಾರು? ಡಿಸಿ ಅಂತಲೋ ಎಸ್‌ಪಿ ಅಂತಲೋ ನೀವು ಅಂದುಕೊಂಡಿದ್ದರೆ, ಅದು ಹಳೇ ಕಥೆ. 2015ರಲ್ಲಿ ಪಟೇಲ್ ಮೀಸಲಾತಿ ಹೋರಾಟದ ಹೊತ್ತಲ್ಲಿ ಗುಜರಾತ್ ಸೆಕ್ಷನ್ 144 ಬಳಸಿಯೇ ಮೊಬೈಲ್ ಇಂಟರ್ನೆಟ್ ನಿಲ್ಲಿಸಿತ್ತು, ಹೈಕೋರ್ಟೂ ಒಪ್ಪಿತ್ತು. 2017ರಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯಡಿ ಪ್ರತ್ಯೇಕ ನಿಯಮ ಬಂತು. ಅಲ್ಲಿಂದ ರಾಜ್ಯದಲ್ಲಿ ಈ ಅಧಿಕಾರ ಇರೋದು ಗೃಹ ಇಲಾಖೆ ಕಾರ್ಯದರ್ಶಿಗೆ. ತೀರಾ ಅನಿವಾರ್ಯ ಆದಾಗ, ಮೊದಲೇ ಅಧಿಕಾರ ಕೊಟ್ಟಿರುವ ಜಂಟಿ ಕಾರ್ಯದರ್ಶಿ ಮಟ್ಟದ ಅಧಿಕಾರಿ ಆದೇಶ ಕೊಡಬಹುದು, 24 ಗಂಟೆಯೊಳಗೆ ಅದನ್ನು ಗೃಹ ಕಾರ್ಯದರ್ಶಿ ಖಾತ್ರಿ ಮಾಡಬೇಕು. ಜಿಲ್ಲೆಯಿಂದ ಹೋಗುವುದು ಕೋರಿಕೆ ಅಷ್ಟೇ. ಆಮೇಲೆ ಮುಖ್ಯ ಕಾರ್ಯದರ್ಶಿ ನೇತೃತ್ವದ ಪರಿಶೀಲನಾ ಸಮಿತಿ ಐದು ದಿನದಲ್ಲಿ ಅದನ್ನು ನೋಡಬೇಕು. ಸಮಿತಿಯಲ್ಲಿ ಇರುವವರೆಲ್ಲ ಅಧಿಕಾರಿಗಳೇ. ಒಬ್ಬ ನಿವೃತ್ತ ಜಡ್ಜ್ ಇಲ್ಲ, ಹೊರಗಿನವರು ಯಾರೂ ಇಲ್ಲ. ಮಂಗಳೂರಿನಂಥ 48 ಗಂಟೆಯ ಬಂದ್ ಆದರೆ, ಈ ಸಮಿತಿ ಕೂರುವ ಮೊದಲೇ ನೆಟ್ ವಾಪಸ್ ಬಂದಿರುತ್ತೆ!

2020ರ ತಿದ್ದುಪಡಿಯಲ್ಲಿ ಒಂದು ಆದೇಶಕ್ಕೆ 15 ದಿನದ ಮಿತಿ ಹಾಕಿದರು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ 2024ರ ನವೆಂಬರ್‌ನಲ್ಲಿ ಹೊಸ ನಿಯಮಗಳು ಬಂದವು. ಆದೇಶ ಪ್ರಕಟಿಸಬೇಕು, ಪ್ರದೇಶ ಮತ್ತು ಕಾರಣ ಸ್ಪಷ್ಟವಾಗಿರಬೇಕು ಅಂತ ಅವುಗಳಲ್ಲೇ ಬರೆದಿದೆ. 15 ದಿನ ಮುಗಿದ ಮರುದಿನ ಇನ್ನೊಂದು ಆದೇಶ ಹೊರಡಿಸಬಾರದು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಮಣಿಪುರದಲ್ಲಿ ಕಂತು ಕಂತಾಗಿ ಏಳು ತಿಂಗಳು ಎಳೆದದ್ದು ಹೀಗೇ.

ದೇಶದಲ್ಲಿ ಒಟ್ಟು ಎಷ್ಟು ಸಲ ನೆಟ್ ಬಂದ್ ಆಗಿದೆ ಅಂತ ಸರ್ಕಾರವನ್ನು ಕೇಳಿದರೆ ಉತ್ತರ ಇಲ್ಲ. ಶಶಿ ತರೂರ್ ಅಧ್ಯಕ್ಷತೆಯ ಸಂಸದೀಯ ಸಮಿತಿ 2021ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ, ದೂರಸಂಪರ್ಕ ಇಲಾಖೆಯಾಗಲಿ ಗೃಹ ಸಚಿವಾಲಯವಾಗಲಿ ದಾಖಲೆಯನ್ನೇ ಇಡುತ್ತಿಲ್ಲ ಅಂತ ಬರೆಯಿತು. ಬೈಕ್ ಕಳ್ಳತನಕ್ಕೂ ಲೆಕ್ಕ ಇಡುವ ದೇಶ ಇದು. ನಮಗೆ ಸಿಗುವ ಅಂಕಿ ಆಕ್ಸೆಸ್ ನೌ ಎಂಬ ಅಂತರರಾಷ್ಟ್ರೀಯ ಸಂಸ್ಥೆಯದ್ದು: ಭಾರತದಲ್ಲಿ 2023ರಲ್ಲಿ 116, 2024ರಲ್ಲಿ 84. 2024ರಲ್ಲಿ ನಮಗಿಂತ ಮುಂದಿದ್ದ ದೇಶ ಮ್ಯಾನ್ಮಾರ್ ಒಂದೇ, ಅದೂ 85. ಸೈನ್ಯ ಆಳುತ್ತಿರುವ, ಅಂತರ್ಯುದ್ಧದಲ್ಲಿ ಬೇಯುತ್ತಿರುವ ದೇಶದ ಜೊತೆ ಒಂದೇ ಒಂದರ ಅಂತರ.

ಲೆಕ್ಕವೇ ಇಲ್ಲದ ಮೇಲೆ ಉಪಯೋಗ ಆಯಿತೋ ಇಲ್ಲವೋ ಅಂತ ಹೇಳುವುದು ಹೇಗೆ? ಯಾನ್ ರಿಡ್ಜಾಕ್ ಎಂಬ ಸಂಶೋಧಕ 2016ರಲ್ಲಿ ಭಾರತದಲ್ಲಿ ಆದ ಪ್ರತಿಭಟನೆಗಳನ್ನೂ ನೆಟ್ ಬಂದ್‌ಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ನೆಟ್ ಹೋದ ಮೇಲೆ ಶಾಂತ ಪ್ರತಿಭಟನೆಯನ್ನು ಸಂಘಟಿಸುವುದು ಕಷ್ಟ ಆಗುತ್ತೆ, ಹಿಂಸೆಗೆ ಅಷ್ಟು ಸಂಘಟನೆ ಬೇಕಾಗಿಲ್ಲ ಅನ್ನೋದು ಅವರ ತಿಳಿವು. ನನಗಿದು ಸರಿ ಅನ್ನಿಸುತ್ತೆ. ಕಲ್ಲು ತೂರುವವನಿಗೆ ಗೂಗಲ್ ಮ್ಯಾಪ್ ಬೇಡ. "ಎಲ್ಲ ಮನೆಗೆ ಹೋಗಿ, ಮೆರವಣಿಗೆ ರದ್ದು" ಅಂತ ಸಾವಿರ ಜನಕ್ಕೆ ಹೇಳಬೇಕಾದ ಹಿರಿಯನಿಗೆ ವಾಟ್ಸಾಪ್ ಗ್ರೂಪ್ ಬೇಕು.

ಹೊಡೆತ ಎಲ್ಲರಿಗೂ ಸಮನಾಗಿಯೂ ಬೀಳಲ್ಲ. ಹೆಚ್ಚಿನ ಆದೇಶಗಳು ನಿಲ್ಲಿಸೋದು ಮೊಬೈಲ್ ಡೇಟಾ. ಮನೆಗೆ ಫೈಬರ್ ಹಾಕಿಸಿಕೊಂಡವರ ವೈಫೈ ಓಡ್ತಾ ಇರುತ್ತೆ. ನಮ್ಮ ದೇಶದ ಇಂಟರ್ನೆಟ್ ಗ್ರಾಹಕರಲ್ಲಿ ಬಹುಪಾಲು ಜನಕ್ಕೆ ಇಂಟರ್ನೆಟ್ ಅಂದ್ರೆ ಜೇಬಲ್ಲಿರೋ ಫೋನೇ. ಕೆಲಸದವರಿಗೆ ವರ್ಕ್ ಫ್ರಮ್ ಹೋಮ್, ತಳ್ಳುಗಾಡಿಯವನ ಕ್ಯೂಆರ್ ಕೋಡು ಬರೀ ಕಾಗದ. ಇದರ ಜೊತೆಗೆ ಸರ್ಕಾರವೇ ಎಲ್ಲವನ್ನೂ ನೆಟ್ಟಿಗೆ ಕಟ್ಟಿಹಾಕಿದೆ. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಕೊಡಬೇಕು. ನರೇಗಾ ಹಾಜರಿಯನ್ನು 2023ರ ಜನವರಿ 1ರಿಂದ ಆ್ಯಪ್‌ನಲ್ಲಿ ಫೋಟೋ ಹಾಕಿಯೇ ಕೊಡಬೇಕು ಅಂತ ಮಾಡಿದರು. ಹ್ಯೂಮನ್ ರೈಟ್ಸ್ ವಾಚ್ ಮತ್ತು ಇಂಟರ್ನೆಟ್ ಫ್ರೀಡಂ ಫೌಂಡೇಷನ್ 2023ರಲ್ಲಿ ತಂದ ವರದಿ ಇದೇ ವಿಷಯದ್ದು: ನೆಟ್ ಇಲ್ಲ ಅಂದ್ರೆ ಕೆಲಸ, ಕೂಲಿ, ಊಟ ಯಾವುದೂ ಇಲ್ಲ. ಒಂದು ಕೈಯಲ್ಲಿ ಡಿಜಿಟಲ್ ಇಂಡಿಯಾ ಅಂತ ಬೆರಳು ಒತ್ತಿಸಿಕೊಂಡು ಇನ್ನೊಂದು ಕೈಯಲ್ಲಿ ಸ್ವಿಚ್ ಆರಿಸಿದರೆ, ಆ ದಿನದ ಕೂಲಿ ಕೊಡುವವರು ಯಾರು?

ಇದನ್ನೆಲ್ಲ ನನ್ನ ಗೆಳೆಯ ಸಮಾಧಾನವಾಗಿ ಕೇಳಿಸಿಕೊಂಡ. ಕೈಯಲ್ಲಿದ್ದ ಫೋನಿನ ಡಿಸ್‌ಪ್ಲೇಗೆ ಅಂಟು ಹಚ್ಚುತ್ತಾ, "ಸರಿ, ಹಾಗಾದ್ರೆ ಆ ರಾತ್ರಿ ಏನ್ ಮಾಡ್ಬೇಕಿತ್ತು? ಅದು ಹೇಳು" ಅಂದ.

ನ್ಯಾಯವಾದ ಪ್ರಶ್ನೆ. ನಾನು 2012ರಿಂದ ಶುರು ಮಾಡಿದೆ. ಆ ಆಗಸ್ಟಿನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ ಅನ್ನೋ ವದಂತಿ ಎಸ್ಸೆಮ್ಮೆಸ್ಸಲ್ಲೇ ಹಬ್ಬಿ, ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಆಗ ಕೇಂದ್ರ ಸರ್ಕಾರ ಮಾಡಿದ್ದು ಒಬ್ಬರು ಒಟ್ಟಿಗೆ ಐದಕ್ಕಿಂತ ಹೆಚ್ಚು ಜನಕ್ಕೆ ಎಸ್ಸೆಮ್ಮೆಸ್ ಕಳಿಸದ ಹಾಗೆ ಕೆಲವು ದಿನ ಮಿತಿ ಹಾಕಿದ್ದು. ಗೃಹ ಸಚಿವರಾಗಿದ್ದ ಆರ್. ಅಶೋಕ ರೈಲ್ವೆ ಸ್ಟೇಷನ್ನಿಗೇ ಹೋಗಿ "ಹೋಗಬೇಡಿ" ಅಂತ ಕೇಳಿಕೊಂಡರು. ಆ ಮಿತಿಯಲ್ಲೂ ತಕರಾರು ಇತ್ತು, ಹೋದವರೆಲ್ಲ ನಿಲ್ಲಲೂ ಇಲ್ಲ. ಆದರೆ ಇಡೀ ಊರಿನ ಫೋನ್ ಸತ್ತಿರಲಿಲ್ಲ. 2018ರ ಕೊಲೆಗಳ ನಂತರ ವಾಟ್ಸಾಪ್ ಕೂಡ ಭಾರತದಲ್ಲಿ ಫಾರ್ವರ್ಡ್‌ಗೆ ಮಿತಿ ಹಾಕಿತು. ಅಲ್ಲೂ ಐದೇ!

"ಅದು ಕಂಪನಿ ಮಾಡೋ ಕೆಲ್ಸ. ಇಲ್ಲಿ, ಈ ಬೀದಿಗೆ?" ಅಂದ.

ಈ ಬೀದಿಗೆ ಬೇಕಾದದ್ದು ಅರ್ಧ ಗಂಟೆಯೊಳಗೆ ಒಂದು ಅಧಿಕೃತ ದನಿ. ಏನಾಯಿತು, ಏನಾಗಿಲ್ಲ, ಯಾರಿಗೆ ಪೆಟ್ಟಾಗಿದೆ, ಯಾವ ರಸ್ತೆ ಬಂದ್ ಅಂತ. ಅದನ್ನು ಹೇಳಲು ವಾಟ್ಸಾಪೂ ಬೇಡ. ಸೆಲ್ ಬ್ರಾಡ್‌ಕಾಸ್ಟ್ ಅಂತ ಒಂದು ವ್ಯವಸ್ಥೆ ಇದೆ. ಯಾರ ನಂಬರೂ ಬೇಡ, ಡೇಟಾ ಬೇಡ. ಆಯ್ದ ಟವರ್‌ಗಳ ವ್ಯಾಪ್ತಿಯಲ್ಲಿರುವ, ಆ ಸೌಲಭ್ಯ ಇರುವ ಅಷ್ಟೂ ಫೋನಿಗೆ ಒಂದೇ ಸಲ ಸಂದೇಶ ಹೋಗುತ್ತೆ. ನಾನು ಆ ರಾತ್ರಿ ತಾಳೆ ನೋಡಿದ್ದಂಥದೇ ಸೆಲ್‌ಗಳ ಪಟ್ಟಿ, ಆದರೆ ಜನರ ಬಾಯಿ ಮುಚ್ಚಿಸಲು ಅಲ್ಲ, ಅವರಿಗೆ ವಿಷಯ ಮುಟ್ಟಿಸಲು. ರಾಗಿಗುಡ್ಡದಲ್ಲಿ ಗಲಾಟೆ ಆದ ಅದೇ ಅಕ್ಟೋಬರ್ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಕರ್ನಾಟಕದಲ್ಲಿ ಅದರ ಪರೀಕ್ಷೆ ಮಾಡಿತ್ತು.

"ಓ, ಅದಾ!" ಅಂತ ನಕ್ಕುಬಿಟ್ಟ. "ಆವತ್ತು ಅಂಗ್ಡಿಲಿ ರಿಪೇರಿಗೆ ಬಂದಿದ್ದ ಫೋನೆಲ್ಲ ಒಟ್ಟಿಗೆ ಕಿರುಚ್ಕೊಂಡ್ವು ಮಾರಾಯ. ಸ್ಪೀಕರ್ ಹೋಗಿದೆ ಅಂತ ಕೊಟ್ಟಿದ್ದು ಕೂಡ ನಡುಗ್ತಿತ್ತು. ಹೊರಗ್ ಬಂದು ನೋಡಿದ್ರೆ ಇಡೀ ಬೀದೀಲಿ ಎಲ್ಲ ಜೇಬು ಮುಟ್ಕೊಂಡು ನಿಂತಿದ್ರು. ಯಾರೂ ಯಾರಿಗೂ ಫಾರ್ವರ್ಡ್ ಮಾಡ್ಲೇ ಇಲ್ಲ, ಎಲ್ಲಾರ್ಗೂ ಬಂದಿತ್ತಲ್ಲ."